ಆಟದ ಕಪಾಟು, ಮೂರನೇ ವರದಿ: ಬೀದಿಬದಿಯ ಕ್ಯಾಸೆಟ್ಟಿನಲ್ಲಿ ಸಿಗದೇ ಹೋದ ಆಟಗಳು

ಹಳೆಯ ಟಿವಿ ಗೇಮ್ ಯಂತ್ರಗಳನ್ನು ಸರಿಪಡಿಸಿ ಆಡಲು ಇಟ್ಟಿರುವ ನಮ್ಮ ಕಪಾಟಿನ ಈಗಿನ ಸ್ಥಿತಿ ಹೀಗಿದೆ. ಒಂದು ಫ್ಯಾಮಿಕಾಂ (ಜಪಾನಿನ ನಿಂಟೆಂಡೊ ಕಂಪನಿಯ ಆಟದ ಯಂತ್ರ) ನಕಲು ಯಂತ್ರ, ಒಂದು ಸೆಗಾ ಮೆಗಾ ಡ್ರೈವ್, ಒಂದು ಮೊದಲ ತಲೆಮಾರಿನ ಪ್ಲೇಸ್ಟೇಷನ್, ಜೊತೆಗೆ 21 ಇಂಚಿನ ಡಬ್ಬಾ ಟಿವಿ. ಮೂರೂ ಯಂತ್ರ ಚಾಲೂ ಆಗಿವೆ. ಮೆಗಾ ಡ್ರೈವಿಗೆ 60 ಹರ್ಟ್ಸ್ ಸ್ವಿಚ್ (ಸೆಕೆಂಡಿಗೆ 50ರ ಬದಲು 60 ಚಿತ್ರ ಮೂಡಿಸುವಂಥದ್ದು) ಹಾಕುವುದು ಬಾಕಿ. ಮುಂಬಯಿ ಸುತ್ತಮುತ್ತ ಡೊಂಬಿವಲಿ, ಮಾಟುಂಗ, ಗೋರೆಗಾಂವ್ ಕಡೆಯ ಕನ್ನಡದ ಮನೆಗಳಲ್ಲಿ ಅಟ್ಟದ ಮೇಲೆ ಇಂಥ ಯಂತ್ರ ಇನ್ನೂ ಬಿದ್ದಿರುತ್ತವೆ. ಅವನ್ನು ಇಳಿಸಿದ ಮೇಲೆ ಏನು ಆಡಬೇಕು, ಆಡುವ ಮುಂಚೆ ಏನು ಸರಿಪಡಿಸಬೇಕು ಅನ್ನುವುದೇ ಈ ಸಲದ ವಿಷಯ.

ಮೊದಲು ಒಂದು ಲೆಕ್ಕ. 90ರ ದಶಕದಲ್ಲಿ ನಮ್ಮಲ್ಲಿ ಟಿವಿ ಗೇಮ್ ಅಂದರೆ ಮೀಡಿಯಾ, ಲಿಟಲ್ ಮಾಸ್ಟರ್ ಥರದ ನಕಲು ಯಂತ್ರ ಮತ್ತು ನೂರಾರು ಆಟ ಇದೆ ಎಂದು ಬರೆದ ಹಳದಿ ಕ್ಯಾಸೆಟ್. ಆ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ 24ರಿಂದ 40 ಕಿಲೋಬೈಟಿನ ಆಟಗಳು. ಬ್ಯಾಟಲ್ ಸಿಟಿ 24 ಕಿಲೋಬೈಟ್, ಸೂಪರ್ ಮಾರಿಯೊ 40. ಇವಕ್ಕೆ ಮೆಮೊರಿ ಬದಲಾಯಿಸುವ ಮ್ಯಾಪರ್ ಚಿಪ್ ಬೇಡ, ಅಗ್ಗದ ಬೋರ್ಡಿನಲ್ಲಿ ಹತ್ತಾರನ್ನು ತುರುಕಬಹುದಿತ್ತು. 1990ರಿಂದ 92ರ ನಡುವೆ ಬಂದ ದೊಡ್ಡ ಆಟಗಳಿಗೆ ಮ್ಯಾಪರ್ ಚಿಪ್ ಬೇಕು. ಸನ್‌ಸಾಫ್ಟ್‌ನ ಗಿಮಿಕ್ ಎಂಬ ಆಟ ಒಂದೇ 384 ಕಿಲೋಬೈಟ್. ಹಾಗಾಗಿ ಈ ಯಂತ್ರ ಪೂರ್ತಿ ಪಳಗಿದ ಮೇಲೆ ಬಂದ ಆಟಗಳೇ ನಮ್ಮ ಕೈಗೆ ಸಿಗಲಿಲ್ಲ. ಫ್ಯಾಮಿಕಾಂ ಅಂದರೆ ಚಿಕ್ಕ ಮಕ್ಕಳ ಆಟ ಎಂಬ ಅಭಿಪ್ರಾಯ ಉಳಿದುಕೊಂಡಿದ್ದಕ್ಕೆ ಇದೇ ಕಾರಣ. ಅದು ಆ ಯಂತ್ರಕ್ಕೆ ಆದ ಅನ್ಯಾಯ ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಫ್ಯಾಮಿಕಾಂ ನಕಲು

ಯಂತ್ರವನ್ನು ಬಿಚ್ಚಿ ಒಳಗಿನ ಚಿಪ್ ನೋಡಿ. ಯುಎ6527ಪಿ ಮತ್ತು ಯುಎ6538 ಎಂದು ಬರೆದ ಎರಡು ಉದ್ದನೆಯ ಯುಎಂಸಿ (ತೈವಾನಿನ ಕಂಪನಿ) ಚಿಪ್ ಕಂಡರೆ ಒಳ್ಳೆಯದು, ಅದನ್ನು ಉಳಿಸಿಕೊಳ್ಳಿ. ಕಪ್ಪು ಅಂಟಿನ ಒಂದೇ ಗುಡ್ಡೆ ಕಂಡರೆ ಅದು ತಡವಾಗಿ ಬಂದ ಅಗ್ಗದ ಮಾಲು. ದೊಡ್ಡ ಆಟಗಳು ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ.

ಯುಎಂಸಿ ಚಿಪ್ಪನ್ನು ಮೆಚ್ಚುವುದಕ್ಕೆ ಕಾರಣವಿದೆ. ಜಪಾನಿನ ಅಸಲಿ ಯಂತ್ರದಲ್ಲಿ ಟಿವಿ ಪರದೆಯ ಒಂದು ಗೆರೆ ಮೂಡುವಷ್ಟರಲ್ಲಿ ಪ್ರೊಸೆಸರ್ ಸುಮಾರು 113.67 ಸೈಕಲ್ (ಲೆಕ್ಕದ ಹೆಜ್ಜೆ) ಓಡುತ್ತದೆ. ಇದೇ ಯಂತ್ರದ ಯುರೋಪಿನ ರೂಪವಾದ 50 ಹರ್ಟ್ಸ್ ಎನ್‌ಇಎಸ್‌ನಲ್ಲಿ ಅದು 106.56. ಜಪಾನಿ ಆಟವನ್ನು ಅದರಲ್ಲಿ ಹಾಕಿದರೆ ಸ್ಕೋರ್ ಪಟ್ಟಿ ನಡುಗುವುದು, ಪರದೆ ಅರ್ಧಕ್ಕೆ ಕತ್ತರಿಸುವುದು ಇದೇ ವ್ಯತ್ಯಾಸದಿಂದ. ಯುಎಂಸಿ ನಕಲೂ 50 ಹರ್ಟ್ಸ್‌ನದೇ, ಆದರೆ ಗೆರೆಗೆ ಮತ್ತೆ ಅದೇ 113.67 ಸೈಕಲ್. ಚಿತ್ರ ಕೆಡುವುದಿಲ್ಲ. ಆಟ ಮಾತ್ರ ಸುಮಾರು ಶೇಕಡಾ 17ರಷ್ಟು ನಿಧಾನ, ಹಾಡೂ ಅಷ್ಟೇ ಎಳೆಯುತ್ತದೆ. ಇನ್ನೊಂದು ಕೊರತೆ ಏನೆಂದರೆ, ಬಹಳಷ್ಟು ನಕಲು ಯಂತ್ರಗಳಲ್ಲಿ ಧ್ವನಿ ಹುಟ್ಟಿಸುವ ಎರಡು ಬಗೆಯ ಅಲೆಗಳು (ಶೇಕಡಾ 25 ಮತ್ತು 50ರ ಚೌಕ ಅಲೆ) ಅದಲುಬದಲಾಗಿರುತ್ತವೆ. ರಾಗ ಅದೇ ಇದ್ದರೂ ದನಿ ಬೇರೆ ಕೇಳಿಸುತ್ತದೆ. ಯಂತ್ರ ಕೆಟ್ಟಿದೆ ಎಂದು ತಿಳಿದು ಸ್ಪೀಕರ್ ಬದಲಾಯಿಸಲು ಹೋಗಬೇಡಿ.

ಜಪಾನಿನ ಅಸಲಿ ಫ್ಯಾಮಿಕಾಂ ಸಿಕ್ಕರೂ ಆ್ಯಂಟೆನಾ ತಂತಿಯಿಂದ ನಮ್ಮ ಟಿವಿಗೆ ಜೋಡಿಸುವುದು ಕಷ್ಟ. ಅದು ಬಿಡುವ ಚಾನೆಲ್ 91.25 ಮೆಗಾಹರ್ಟ್ಸ್‌ನಲ್ಲಿದೆ, ನಮ್ಮ ದೂರದರ್ಶನದ ವಿಎಚ್ಎಫ್ ಪಟ್ಟಿಯ ಆಚೆಗೆ. ಎವಿ (ಚಿತ್ರ, ಧ್ವನಿ ನೇರ ಕೊಡುವ) ಪಿನ್ ಇರುವ 1993ರ ಮಾದರಿ ಹುಡುಕಿ, ಇಲ್ಲವೇ ಎವಿ ಹೊರತೆಗೆಸಿ. ಟಿವಿ ಜಪಾನಿನ ಬಣ್ಣದ ಪದ್ಧತಿಯಾದ ಎನ್‌ಟಿಎಸ್‌ಸಿ ಹಿಡಿಯದಿದ್ದರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ.

ಇನ್ನು ಆಟಗಳು.

ಗಿಮಿಕ್ (ಸನ್‌ಸಾಫ್ಟ್, 1992) ಈ ಪಟ್ಟಿಯ ಮೊದಲ ಹೆಸರು. ಪುಟ್ಟ ಹಸಿರು ಬೊಂಬೆಯ ಆಟ, ನೋಡಿದರೆ ಕೂಸುಗಳಿಗೆ ಅನಿಸುತ್ತದೆ. ಬಿ ಬಟನ್ ಒತ್ತಿ ಹಿಡಿದರೆ ತಲೆಯ ಮೇಲೆ ನಕ್ಷತ್ರ ಕಟ್ಟಿಕೊಳ್ಳುತ್ತದೆ, ಬಿಟ್ಟರೆ ನೆಲಕ್ಕೆ ಬಿದ್ದು ಇಳಿಜಾರಿನಲ್ಲಿ ಉರುಳಿ, ಗೋಡೆಗೆ ಬಡಿದು, ಪುಟಿದು ವಾಪಸು ಬರುತ್ತದೆ. ಈ ಆಟದ ಜೀವ ಇರುವುದು ಅಲ್ಲೇ: ಆ ನಕ್ಷತ್ರದ ಮೇಲೆ ನೀವು ನಿಲ್ಲಬಹುದು. ಮೊದಲ ಹಂತದಲ್ಲೇ ಅಭ್ಯಾಸ ಮಾಡಿಕೊಳ್ಳಿ. ಗೋಡೆಯ ಕಡೆ ಮುಖ ಮಾಡಿ ನಕ್ಷತ್ರ ಬಿಡಿ. ಅದು ಬಡಿದು ತಿರುಗುವ ಗಳಿಗೆಯಲ್ಲಿ ಜಿಗಿಯಿರಿ, ಅದು ಕಾಲಡಿಗೆ ಬರುವಾಗ ಇಳಿಯಿರಿ. ಜಿಗಿತ ತಡವಾದರೆ ಅದು ಕೆಳಗಿನಿಂದ ಜಾರಿ ಹೋಗುತ್ತದೆ. ಇದು ಕೈಗೆ ಹತ್ತಿದ ಮೇಲೆ ಎಟುಕದ ಮೂಲೆಗಳೆಲ್ಲ ದಾರಿಯಾಗುತ್ತವೆ. ಆರು ಹಂತದಲ್ಲೂ ಒಂದೊಂದು ನಿಧಿ ಅಡಗಿದೆ. ಕಂಟಿನ್ಯೂ ಬಳಸದೆ ಆರನ್ನೂ ಕೂಡಿಸಿದವರಿಗೆ ಮಾತ್ರ ಕೊನೆಯ ಹಂತ ತೆರೆಯುತ್ತದೆ.

ಗಿಮಿಕ್ ಕ್ಯಾಸೆಟ್ಟಿನಲ್ಲಿ ಸನ್‌ಸಾಫ್ಟ್ 5ಬಿ ಎಂಬ ಚಿಪ್ ಇದೆ, ಹಾಡಿಗೆ ಮೂರು ಹೆಚ್ಚುವರಿ ದನಿ ಕೊಡುತ್ತದೆ. ಯಂತ್ರದ ದನಿ 45ನೇ ಪಿನ್ನಿನಿಂದ ಕ್ಯಾಸೆಟ್ಟಿಗೆ ಹೋಗಿ, ಅಲ್ಲಿ ಬೆರೆತು, 46ರಿಂದ ಮರಳಬೇಕು. ನಕಲು ಯಂತ್ರಗಳಲ್ಲಿ ಕೆಲವಕ್ಕೆ ಈ ದಾರಿಯೇ ಇಲ್ಲ. ಆಟ ನಡೆಯುತ್ತದೆ, ಹಾಡು ಬೋಳಾಗಿ ಕೇಳುತ್ತದೆ. ಅಸಲಿ ಕ್ಯಾಸೆಟ್ಟಿನ ಬೆಲೆ ಕೇಳಲೂ ಆಗದಷ್ಟು. 2023ರಲ್ಲಿ ಕಂಪ್ಯೂಟರಿಗೂ ಸ್ವಿಚ್‌ಗೂ ಮರುಬಿಡುಗಡೆ ಆಗಿದೆ, ಅದನ್ನೇ ಕೊಳ್ಳಿ; ಅದರಲ್ಲಿ ಹಾಡು ಪೂರ್ತಿ ಇದೆ.

ಮೆಟಲ್ ಸ್ಟಾರ್ಮ್ (ಐರೆಮ್, 1991): ರೋಬೊ ಆಟ. ಮೇಲಿನ ಬಾಣ ಮತ್ತು ಎ ಕೂಡಿಸಿ ಒತ್ತಿದರೆ ಗುರುತ್ವ ತಲೆಕೆಳಗಾಗಿ ನೀವು ಛಾವಣಿಯ ಮೇಲೆ ನಡೆಯುತ್ತೀರಿ; ಕೆಳಗಿನ ಬಾಣ ಮತ್ತು ಎ ಒತ್ತಿದರೆ ವಾಪಸು ನೆಲಕ್ಕೆ. ರಕ್ಷಾಕವಚ ಇಲ್ಲದಿದ್ದರೆ ಒಂದೇ ಏಟಿಗೆ ಸಾವು. ದಿಕ್ಕಿನ ಗುಂಡಿಯ ರಬ್ಬರ್ ಸವೆದಿದ್ದರೆ ಈ ಆಟ ಆಡಲು ಆಗದು, ಮೊದಲು ಅದನ್ನು ಬದಲಾಯಿಸಿ. 50 ಹರ್ಟ್ಸ್‌ನ ನಿಧಾನ ಇಲ್ಲಿ ಹೊಸಬರಿಗೆ ಅನುಕೂಲವೇ.

ಕ್ರೈಸಿಸ್ ಫೋರ್ಸ್ (ಕೊನಾಮಿ, 1991): ಇಬ್ಬರು ಆಡುವ ವಿಮಾನದ ಆಟ, ಮುಂದೆ, ಪಕ್ಕಕ್ಕೆ, ಹಿಂದಕ್ಕೆ ಗುಂಡು ಹಾರಿಸುವ ಮೂರು ರೂಪ. ಇಬ್ಬರೂ ಸೇರಿ ಒಂದೇ ದೊಡ್ಡ ವಿಮಾನವಾಗಬಹುದು. ಕಾಂಟ್ರಾ ಆಡಿ ಬೆಳೆದ ಅಣ್ಣತಮ್ಮಂದಿರಿಗೆ ಮೊದಲು ಕೊಡಬೇಕಾದ್ದು ಇದು.

ಪಿನ್, ಪವರ್, ಮಳೆಗಾಲ

ಮುಂಬಯಿಯಲ್ಲಿ ಕ್ಯಾಸೆಟ್ ಕೆಡುವುದು ಹೆಚ್ಚಾಗಿ ಚಿಪ್ಪಿನಿಂದಲ್ಲ, ಪಿನ್ನಿನಿಂದ. ಕಡಲ ಗಾಳಿಯ ಉಪ್ಪು ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಸೇರಿ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತವೆ. ಬಾಯಿಂದ ಊದಿದರೆ ಉಸಿರಿನ ತೇವ ಇನ್ನಷ್ಟು ಸೇರುತ್ತದೆ. ಊದಿದ ಮೇಲೆ ಆಟ ಬರುವುದು ಕ್ಯಾಸೆಟ್ ತೆಗೆದು ಹಾಕಿದ್ದರಿಂದ, ಊದಿದ್ದರಿಂದಲ್ಲ.

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ, 99 ಶೇಕಡಾದ್ದೇ ಆಗಬೇಕು. ಔಷಧಿ ಅಂಗಡಿಯ 70 ಶೇಕಡಾದ್ದರಲ್ಲಿ ನೀರಿದೆ. ಇಯರ್ ಬಡ್ ಅದ್ದಿ ಪಿನ್ನಿನ ಉದ್ದಕ್ಕೆ, ಒಳಗಿನಿಂದ ಹೊರಗೆ ಒರೆಸಿ. ಅಡ್ಡಡ್ಡ ಉಜ್ಜಿದರೆ ಹತ್ತಿಯ ಎಳೆ ಎರಡು ಪಿನ್ನಿನ ನಡುವೆ ಉಳಿಯುತ್ತದೆ. ಬಡ್ ಬೆಳ್ಳಗೆ ಬರುವ ತನಕ ಬದಲಾಯಿಸುತ್ತಾ ಹೋಗಿ. ಐದು ನಿಮಿಷ ಒಣಗಲಿ. ಹಟ ಹಿಡಿದ ಕಲೆಗೆ ಶಾಲೆಯ ಬಿಳಿ ರಬ್ಬರ್ ಸಾಕು. ಮರಳು ಕಾಗದ ಮುಟ್ಟಿಸಲೇಬೇಡಿ, ಲೇಪ ಕಿತ್ತುಬಂದರೆ ಒಂದೇ ಮಳೆಗಾಲಕ್ಕೆ ಪಿನ್ ಹೋಗುತ್ತದೆ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಕಾಳು ಹಸಿರಾದಾಗ ಒಣಗಿಸಿ ಮತ್ತೆ ಬಳಸಬಹುದು.

ಅಡಾಪ್ಟರ್ ವಿಷಯದಲ್ಲಿ ಅಂದಾಜು ಬೇಡ. ಅಸಲಿ ಫ್ಯಾಮಿಕಾಂಗೆ 10 ವೋಲ್ಟ್, 850 ಮಿಲಿಆಂಪಿಯರ್, ಪಿನ್ನಿನ ನಡುಭಾಗ ಮೈನಸ್. ಮೆಗಾ ಡ್ರೈವ್ ಮೊದಲ ಮಾದರಿಗೆ 9 ವೋಲ್ಟ್, 1.2 ಆಂಪಿಯರ್, ನಡುಭಾಗ ಮೈನಸ್. ಎರಡನೇ ಮಾದರಿಗೆ 10 ವೋಲ್ಟ್, 0.85 ಆಂಪಿಯರ್, ನಡುಭಾಗ ಪ್ಲಸ್. ಅಂದರೆ ಒಂದೇ ಹೆಸರಿನ ಎರಡು ಯಂತ್ರಕ್ಕೆ ಧ್ರುವ ಉಲ್ಟಾ. ನಕಲು ಯಂತ್ರಗಳಲ್ಲಿ ಒಂದೊಂದರದ್ದು ಒಂದೊಂದು ಥರ, ಹಿಂಭಾಗದ ಚಿತ್ರ ನೋಡಿ ಮಲ್ಟಿಮೀಟರಿನಿಂದ ಅಳೆದೇ ಜೋಡಿಸಿ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಭಾರ ಇಲ್ಲದಾಗ 9ರ ಬದಲು 13 ವೋಲ್ಟ್ ತೋರಿಸಿದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಯಂತ್ರದ ಒಳಗಿನ 7805 ಎಂಬ ವೋಲ್ಟೇಜ್ ಚಿಪ್ ಅದನ್ನು 5ಕ್ಕೆ ಇಳಿಸುತ್ತದೆ, ಉಳಿದದ್ದನ್ನು ಬಿಸಿಯಾಗಿ ಬಿಡುತ್ತದೆ.

ಸೇವ್ ಆಗುವ ಕ್ಯಾಸೆಟ್‌ಗಳಲ್ಲಿ ಸಿಆರ್2032 ಸೆಲ್ ಸತ್ತಿರುವುದೇ ಹೆಚ್ಚು. ಮೆಗಾ ಡ್ರೈವ್ ಕ್ಯಾಸೆಟ್ ತೆರೆಯಲು 3.8 ಮಿಲಿಮೀಟರ್ ಗೇಮ್‌ಬಿಟ್ (ವಿಶೇಷ ಸ್ಕ್ರೂ ಬಿಚ್ಚುವ ಸಾಧನ) ಬೇಕು. ಕಾಲು ಬೆಸೆದಿರುವ ಸೆಲ್ ಕೇಳಿ ತನ್ನಿ. ಬರಿಯ ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯಬಹುದು.

ಮೆಗಾ ಡ್ರೈವ್

1995ರಲ್ಲಿ ಶಾ ವ್ಯಾಲೇಸ್ ಕಂಪನಿಯ ಮೂಲಕ ಸೆಗಾ ಅಧಿಕೃತವಾಗಿ ಭಾರತಕ್ಕೆ ಬಂತು. ಹಾಗಾಗಿ ಮುಂಬಯಿಯಲ್ಲಿ ಅಸಲಿ ಯಂತ್ರ ಸಿಗುವುದು ಅಪರೂಪವೇನಲ್ಲ. ಸೋನಿಕ್ ಎಲ್ಲರಿಗೂ ಗೊತ್ತು. ಹೆರ್ಜೋಗ್ ಜ್ವೈ (ಟೆಕ್ನೋಸಾಫ್ಟ್, 1989) ಗೊತ್ತಿರುವವರು ಕಡಿಮೆ. ಪರದೆಯನ್ನು ಇಬ್ಭಾಗ ಮಾಡಿ ಇಬ್ಬರು ಆಡುವ ಯುದ್ಧತಂತ್ರದ ಆಟ, ಕಂಪ್ಯೂಟರಿನಲ್ಲಿ ಆ ಬಗೆ ಜನಪ್ರಿಯವಾಗುವುದಕ್ಕಿಂತ ಮುಂಚಿನದು. ನಿಮ್ಮದು ವಿಮಾನವಾಗಬಲ್ಲ ಒಂದು ರೋಬೊ. ದುಡ್ಡು ಕೊಟ್ಟು ಸೈನ್ಯ ಮಾಡಿಸಿ, ಪ್ರತಿ ತುಕಡಿಗೂ ಒಂದು ಆದೇಶ ಕೊಟ್ಟು, ವಿಮಾನ ರೂಪದಲ್ಲಿ ಎತ್ತಿಕೊಂಡು ಹೋಗಿ ಇಳಿಸಬೇಕು.

ಹೊಸಬರು ಸೋಲುವುದು ಎರಡು ಕಾರಣಕ್ಕೆ. ನಡುವಿನ ಠಾಣೆ ವಶವಾಗಲು ನಾಲ್ಕು ಕಾಲಾಳು ತುಕಡಿ ಒಳಹೋಗಬೇಕು. ಮೂರು ಕಳಿಸಿ ಟ್ಯಾಂಕಿಗೆ ದುಡ್ಡು ಸುರಿದರೆ ಠಾಣೆ ಬರುವುದಿಲ್ಲ. ಇನ್ನೊಂದು ಇಂಧನ. ದೂರ ಹೋದ ಟ್ಯಾಂಕ್ ಇಂಧನ ಮುಗಿದು ನಿಂತುಬಿಡುತ್ತದೆ, ಪೂರೈಕೆ ಗಾಡಿ ಜೊತೆಗಿರಲೇಬೇಕು. ಮೊದಲ ಎರಡು ನಿಮಿಷ ಬರೀ ಕಾಲಾಳು ಮಾಡಿಸಿ ಹತ್ತಿರದ ಠಾಣೆ ಹಿಡಿಯಿರಿ, ಠಾಣೆ ಹೆಚ್ಚಿದಷ್ಟೂ ಆದಾಯ ಹೆಚ್ಚು. ಕಪಾಟಿನಲ್ಲಿ ಇಬ್ಬರಿಗೆ ಒಂದೇ ಆಟ ಇಡಬೇಕೆಂದರೆ ನಾವು ಇದನ್ನೇ ಇಡುತ್ತೇವೆ.

ಪಲ್ಸ್‌ಮ್ಯಾನ್ (ಗೇಮ್ ಫ್ರೀಕ್, 1994) ಪೋಕೆಮಾನ್ ಮಾಡಿದವರು ಅದಕ್ಕಿಂತ ಮುಂಚೆ ಮಾಡಿದ್ದು. ಸ್ವಲ್ಪ ದೂರ ಓಡಿದರೆ ಮೈಗೆ ವಿದ್ಯುತ್ ತುಂಬುತ್ತದೆ, ಆಮೇಲೆ ಮಿಂಚಿನ ಉಂಡೆಯಾಗಿ ಗೋಡೆಯಿಂದ ಗೋಡೆಗೆ ಪುಟಿಯಬಹುದು. ಇಕ್ಕಟ್ಟಿನ ಜಾಗದಲ್ಲಿ ಓಡಲು ಅಂತರ ಸಾಲದೆ ಸಿಕ್ಕಿಬೀಳುತ್ತಾರೆ. ಮೊದಲು ಹಿಂದಕ್ಕೆ ಬನ್ನಿ. 60 ಹರ್ಟ್ಸ್ ಸ್ವಿಚ್ ಹಾಕುತ್ತಿರುವುದು ಮುಖ್ಯವಾಗಿ ಇದಕ್ಕೆ, ನಿಧಾನವಾದರೆ ಈ ಆಟದ ರುಚಿ ಹೋಗುತ್ತದೆ.

ಪ್ಲೇಸ್ಟೇಷನ್ ಮತ್ತು ಮನೆಯ ಸಿಡಿಗಳು

ವಿಬ್-ರಿಬ್ಬನ್ (1999) ಇಡೀ ಆಟ ಯಂತ್ರದ ಮೆಮೊರಿಗೆ ಇಳಿದುಬಿಡುತ್ತದೆ. ಆಮೇಲೆ ಡಿಸ್ಕ್ ತೆಗೆದು ನಿಮ್ಮದೇ ಆಡಿಯೊ ಸಿಡಿ ಹಾಕಿದರೆ ಆ ಹಾಡಿನಿಂದಲೇ ಹಂತ ಹುಟ್ಟುತ್ತದೆ. ಕರಿ ಪರದೆಯ ಮೇಲೆ ಬಿಳಿ ಗೆರೆ, ಗೆರೆಯ ಮೇಲೆ ನಡೆಯುವ ಮೊಲ. ದಾರಿಯ ಅಡ್ಡಿಗಳಲ್ಲಿ ಕಟ್ಟೆಗೆ ಎಲ್, ಸುರುಳಿಗೆ ಆರ್, ಅಲೆಗೆ ಎಕ್ಸ್, ಹಳ್ಳಕ್ಕೆ ಕೆಳಗಿನ ಬಾಣ. ಎರಡು ಅಡ್ಡಿ ಬೆಸೆದುಕೊಂಡು ಬಂದರೆ ಎರಡನ್ನೂ ಒಟ್ಟಿಗೆ ಒತ್ತಬೇಕು. ನಿಧಾನದ ಭಾವಗೀತೆಗೆ ಅಡ್ಡಿಗಳು ಬಿಡಿಬಿಡಿ. ಯಕ್ಷಗಾನದ ಸಿಡಿಯಲ್ಲಿ ಚೆಂಡೆ ಏರಿದ ಪದ್ಯಕ್ಕೆ ಒತ್ತೊತ್ತಾಗಿ ಬರುತ್ತವೆ. ಪ್ರತಿ ಪೆಟ್ಟಿಗೂ ತಾಳೆಯಾಗುತ್ತದೆ ಅಂತಲ್ಲ, ಆದರೂ ಹಾಡಿನ ಏರಿಳಿತ ಕಾಲಿಗೆ ಸಿಗುತ್ತದೆ. ಹೊಸ ಎಲ್‌ಇಡಿ ಟಿವಿಯಲ್ಲಿ ಚಿತ್ರ ತಡವಾಗಿ ಬಂದು ಎಲ್ಲ ಹೆಜ್ಜೆಯೂ ತಪ್ಪುತ್ತದೆ. ಇದನ್ನು ಡಬ್ಬಾ ಟಿವಿಯಲ್ಲೇ ಆಡಿ.

ಮಾನ್ಸ್ಟರ್ ರ‍್ಯಾಂಚರ್ (ಟೆಕ್ಮೊ, 1997) ಕೂಡ ಸಿಡಿ ಕೇಳುತ್ತದೆ. ಹಾಕಿದ ಡಿಸ್ಕನ್ನು ಓದಿ ಒಂದು ಪ್ರಾಣಿ ಹುಟ್ಟಿಸುತ್ತದೆ. ಅದೇ ಡಿಸ್ಕಿಗೆ ಯಾವಾಗಲೂ ಅದೇ ತಳಿ. 2021ರ ಮರುಬಿಡುಗಡೆಯಲ್ಲಿ ಡಿಸ್ಕಿನ ಬದಲು ಪಟ್ಟಿಯಿಂದ ಹೆಸರು ಹುಡುಕುವ ವ್ಯವಸ್ಥೆ ಇದೆ. ಅಜ್ಜಿಯ ದಾಸರಪದದ ಸಿಡಿಯನ್ನೇ ಕೈಯಾರೆ ಹಾಕಿ ನೋಡಬೇಕೆಂದರೆ ಹಳೆಯ ಯಂತ್ರವೇ ಬೇಕು.

ಯಂತ್ರ ಆರಿಸುವಾಗ ಮಾದರಿ ಸಂಖ್ಯೆ ಎಸ್‌ಸಿಪಿಎಚ್-1002 ಬಿಟ್ಟು 9002 ಅಥವಾ ಚಿಕ್ಕ 102 ನೋಡಿ. ಮೊದಲ ಮಾದರಿಯಲ್ಲಿ ಲೇಸರ್ ಪವರ್ ಸಪ್ಲೈ ಪಕ್ಕದಲ್ಲೇ ಇದ್ದು ಬಿಸಿಗೆ ಅದರ ಪ್ಲಾಸ್ಟಿಕ್ ಸವೆದು ಬಾಗುತ್ತಿತ್ತು. ಜನ ಯಂತ್ರವನ್ನು ತಲೆಕೆಳಗೆ ಇಟ್ಟು ಆಡುತ್ತಿದ್ದದ್ದು ಅದಕ್ಕೇ.

ಕಪಾಟಿನ ಮುಂದಿನ ಹಂತಕ್ಕೆ ಸಿಡಿ ತರುವವರು ಆಡಿಯೊ ಸಿಡಿಯನ್ನೇ ತನ್ನಿ. ನೂರು ಹಾಡಿನ ಎಂಪಿ3 ಸಿಡಿ ವಿಬ್-ರಿಬ್ಬನ್‌ಗೆ ಓದಲು ಬರುವುದಿಲ್ಲ. ಮನೆಯಲ್ಲಿ ಬರೆದುಕೊಳ್ಳುವುದಾದರೆ ಬರ್ನರ್‌ನಲ್ಲಿ ಆಡಿಯೊ ಸಿಡಿ ಎಂದೇ ಆರಿಸಿ, 8ಎಕ್ಸ್ ಅಥವಾ 16ಎಕ್ಸ್ ವೇಗ ಸಾಕು. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್ ಬೇಡ, ಅದರ ಹೊಳಪು ಕಡಿಮೆ, ಹಳೆಯ ಲೇಸರ್‌ಗೆ ಕಾಣುವುದಿಲ್ಲ.