ಹಳೆಯ ಸೀಸದ ಸೈನಿಕನಿಗೆ ಹೊಸ ರುಮಾಲು ಏಕೆ?

“ಹಳೆಯದನ್ನು ಹಾಗೆಯೇ ಬಿಡಬಾರದೇ? ರೂಪ ಬದಲಿಸಿದರೆ ಬೆಲೆ ಹೋಗುವುದಿಲ್ಲವೇ?” ಶಿವಮೊಗ್ಗದ ನಮ್ಮ ಮನೆಯಲ್ಲಿ ನಾನು ದುರಸ್ತಿ ಮಾಡಿ ಹೊಸ ರೂಪ ಕೊಡುವ ಹಳೆಯ ಸೀಸದ ಆಟಿಕೆ ಸೈನಿಕರನ್ನು ಕಂಡವರೆಲ್ಲ ಹೀಗೆ ಕೇಳುತ್ತಾರೆ. ಮೂಲ ಬಣ್ಣ ಚೆನ್ನಾಗಿ ಉಳಿದ ಬೊಂಬೆಗೆ ನಾನು ಕುಂಚ ತಾಗಿಸುವುದೇ ಇಲ್ಲ. ತಲೆ ಮುರಿದು, ಬಣ್ಣ ಉದುರಿದ್ದರ ಮಾತು ಬೇರೆ.

ಅಲ್ಲದೆ ಮಲೆನಾಡಿನಲ್ಲಿ ‘ಹಾಗೆಯೇ ಬಿಡುವುದು’ ಎಂದರೆ ಕೊಳೆಯಲು ಬಿಡುವುದು. ಮರದ ಬೀರುವಿನಿಂದ ಅಸಿಟಿಕ್ ಆಮ್ಲದ ಆವಿ ಹೊಮ್ಮುತ್ತದೆ. ಮಳೆಗಾಲದ ತೇವವೂ ಅದರೊಡನೆ ಸೇರಿದರೆ ಸೀಸದ ಮೈಮೇಲೆ ಬಿಳಿ ಪುಡಿ ಏಳುತ್ತದೆ. ಅದು ಸೀಸದ ಕಾರ್ಬೊನೇಟ್, ವಿಷ. ಒಣಗಿದ್ದಾಗ ಉಜ್ಜಲೇಬಾರದು. ಕೈಗವಸು ತೊಟ್ಟು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಜು ಮತ್ತು ಲೋಹದ ಪೆಟ್ಟಿಗೆಯಲ್ಲಿಡುತ್ತೇನೆ.

ತಲೆ ಮುರಿಯುವುದಕ್ಕೂ ಕಾರಣವಿದೆ. ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಟೊಳ್ಳು ಎರಕದ ಸೈನಿಕರನ್ನು ತಂದಿತು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದೊಡನೆ ಒಳಗಿನದನ್ನು ಸುರಿದುಬಿಡುತ್ತಿದ್ದರು. ಕತ್ತು ಬಲು ತೆಳುವು. ಮುರಿದಾಗ ಹಿಂದಿನವರು ಬೆಂಕಿಕಡ್ಡಿ ತುರುಕಿ ತಲೆ ಕೂರಿಸುತ್ತಿದ್ದರು. ನಮ್ಮ ಹವೆಯಲ್ಲಿ ಆ ಕಡ್ಡಿ ತೇವ ಕುಡಿದು ಉಬ್ಬುತ್ತದೆ. ನಾನು ಹಿತ್ತಾಳೆ ತಂತಿ ಬಳಸುತ್ತೇನೆ. ಬೆಸುಗೆ ಬೇಡವೇ ಬೇಡ, ಆ ಕಾವಿಗೆ ಬೊಂಬೆಯೇ ಕರಗಬಹುದು.

ತೀರ್ಥಹಳ್ಳಿಯ ಒಂದು ಅಟ್ಟದಲ್ಲಿ ಸಿಕ್ಕಿದ ಸವಾರನಿಗೆ ತಲೆಯೂ ಇರಲಿಲ್ಲ, ಈಟಿಯೂ ಇರಲಿಲ್ಲ. ಅವನನ್ನು ಮೈಸೂರು ಲ್ಯಾನ್ಸರ್ಸ್, ಎಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆಪಡೆಯ ಸವಾರನನ್ನಾಗಿ ಮಾಡಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದಾಗ ಕಾರ್ಮೆಲ್ ಬೆಟ್ಟದ ಫಿರಂಗಿಗಳತ್ತ ಏರಿಹೋದವರು ಇವರೇ. ಶಿವಮೊಗ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಇಂಗ್ಲೆಂಡಿನ ಆಟಿಕೆಗೆ ನಮ್ಮವನ ಮುಖ ಕೊಡುವುದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆ ಯುದ್ಧದ ಸವಾರರ ನೆನಪಿಗೆ ನಿಲ್ಲಿಸಿದ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು. ಅದರ ಚಿತ್ರ ಎದುರಿಗಿಟ್ಟುಕೊಂಡು, ಎಪಾಕ್ಸಿ ಪುಟ್ಟಿಯನ್ನು (ಕಲಸಿಟ್ಟರೆ ಗಟ್ಟಿಯಾಗುವ ಮುದ್ದೆ) ಶ್ಯಾವಿಗೆಯಂತೆ ಹೊಸೆದು ಹೊಸ ತಲೆಯ ಮೇಲೆ ರುಮಾಲಿನ ಸುತ್ತುಗಳನ್ನು ಕೂರಿಸಿದೆ. ಪುಟ್ಟಿ ಗಟ್ಟಿಯಾಗುವ ಮುನ್ನವೇ ಒದ್ದೆ ಹಲ್ಲುಕಡ್ಡಿಯಿಂದ ಮಡಿಕೆ ತಿದ್ದಬೇಕು. ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಹೊತ್ತು ಅದು. ಮೇಲೆ ಬಣ್ಣ ಹಿಡಿಯಲು ಪ್ರೈಮರ್ ಲೇಪ, ಅದರ ಮೇಲೆ ಖಾಕಿ ಆಕ್ರಿಲಿಕ್ ಬಣ್ಣ.

ಇನ್ನು ಬೆಲೆ. ಹಳೆಯ ಲೋಹವನ್ನು ನಾನು ಅರದಿಂದ ಉಜ್ಜುವುದಿಲ್ಲ, ಕತ್ತರಿಸುವುದಿಲ್ಲ. ಸೇರಿಸಿದ್ದನ್ನು ಬೇಕಾದವರು ಕಳಚಬಹುದು. ಪೀಠದ ಅಡಿಯಲ್ಲಿ ‘ತಲೆ, ಈಟಿ ಹೊಸದು’ ಎಂದು ಇಸವಿಯೊಡನೆ ಬರೆಯುತ್ತೇನೆ. ಮುಂದೆ ಯಾರೂ ಇದನ್ನು ಮೂಲದ್ದೆಂದು ನಂಬಿ ಕೊಳ್ಳಬಾರದು.