ಎರಡರ 67ನೆಯ ಘಾತದಲ್ಲಿ ಒಂದು ಕಡಿಮೆ

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ 14,75,73,95,25,89,67,64,12,927 ಎಂಬ 21 ಅಂಕಿಗಳ ಸಂಖ್ಯೆ ಸಿಗುತ್ತದೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಇದು ಹದಿನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ಕೋಟಿ ಕೋಟಿಗಿಂತಲೂ ಹೆಚ್ಚು. ಇಷ್ಟು ದೊಡ್ಡ ಸಂಖ್ಯೆಯನ್ನು ಬಿಡಿಸಿ ಬರೆಯದೆಯೇ ಅದರ ಬಗ್ಗೆ ಎಷ್ಟೋ ಸಂಗತಿಗಳನ್ನು ಖಚಿತವಾಗಿ ಹೇಳಬಹುದು. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತಿರುತ್ತದೆ. 67ನ್ನು 4ರಿಂದ ಭಾಗಿಸಿದರೆ 3 ಉಳಿಯುವುದರಿಂದ ಆ ಘಾತ 8ರಲ್ಲಿಯೂ ನಮ್ಮ ಸಂಖ್ಯೆ 7ರಲ್ಲಿಯೂ ಮುಗಿಯಲೇಬೇಕು. 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಇದು ಸಾಲಾಗಿ ಬರೆದ 67 ಒಂದುಗಳು.

ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲಿ ಈ ಸಂಖ್ಯೆಯನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು ಅವಿಭಾಜ್ಯವಲ್ಲವೆಂದು 1876ರಲ್ಲಿ ಎದುವಾರ್ ಲ್ಯೂಕಾಸ್ ಸಾಧಿಸಿದರಾದರೂ ಅವರ ವಿಧಾನದಿಂದ ಒಂದೇ ಒಂದು ಅಪವರ್ತನವೂ ಸಿಗಲಿಲ್ಲ. ಸಂಖ್ಯೆ ಒಡೆಯುತ್ತದೆ ಎಂಬುದು ಗೊತ್ತಾಗಿ, ಯಾವುದರಿಂದ ಒಡೆಯುತ್ತದೆ ಎಂಬುದು ಗೊತ್ತಾಗದೆ 27 ವರ್ಷ ಕಳೆದವು. ಇವೆರಡೂ ಬೇರೆ ಬೇರೆ ಬಗೆಯ ತಿಳಿವಳಿಕೆ ಎಂಬುದೇ ನನಗೆ ಈ ಸಂಖ್ಯೆಯ ಅತ್ಯಂತ ದೊಡ್ಡ ಪಾಠವಾಗಿ ಕಾಣುತ್ತದೆ. 1903ರ ಅಕ್ಟೋಬರ್‌ನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಅಪವರ್ತನಗಳನ್ನು ಮುಂದಿಟ್ಟರು: 19,37,07,721 ಮತ್ತು 7,61,83,82,57,287. ಅವರು ಅಂದು ಒಂದೂ ಮಾತಾಡದೆ ಹಲಗೆಯ ಮೇಲೆ ಗುಣಾಕಾರ ಮಾಡಿ ತೋರಿಸಿದರೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ಆ ಅಪವರ್ತನಗಳ ಸ್ವರೂಪ.

ಒಂದು ಅವಿಭಾಜ್ಯ ಭಾಜಕ ಈ ಸಂಖ್ಯೆಯನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳೋಣ. ಆಗ 2ರ 67ನೆಯ ಘಾತವನ್ನು ಆ ಭಾಜಕದಿಂದ ಭಾಗಿಸಿದರೆ 1 ಉಳಿಯುತ್ತದೆ. 67 ತಾನೇ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಘಾತಗಳಲ್ಲಿ ಹಾಗೆ ಉಳಿಯಲಾರದು. ಇತ್ತ ಫರ್ಮಾನ ಪ್ರಮೇಯದ ಪ್ರಕಾರ, ಭಾಜಕಕ್ಕಿಂತ ಒಂದು ಕಡಿಮೆಯಿರುವ ಘಾತದಲ್ಲಿಯೂ 1 ಉಳಿಯಬೇಕು. ಶೇಷ 1 ಮರಳಿ ಬರುವುದು ಪ್ರತಿ 67 ಘಾತಗಳಿಗೊಮ್ಮೆ ಮಾತ್ರ; ಆದ್ದರಿಂದ ಭಾಜಕದಲ್ಲಿ ಒಂದು ಕಳೆದದ್ದು 67ರ ಅಪವರ್ತ್ಯ. ಅದು ಸಮಸಂಖ್ಯೆಯೂ ಆಗಿರುವುದರಿಂದ 134ರ ಅಪವರ್ತ್ಯ. ಇನ್ನೂ ಒಂದು ಕಟ್ಟುಪಾಡಿದೆ. 2ರ 34ನೆಯ ಘಾತದ ವರ್ಗವನ್ನು ಆ ಭಾಜಕದಿಂದ ಭಾಗಿಸಿದರೆ 2 ಉಳಿಯುತ್ತದೆ, ಮತ್ತು ವರ್ಗವೊಂದರ ಶೇಷವಾಗಿ 2 ಬರಬೇಕಾದರೆ ಭಾಜಕವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಲೇಬೇಕು. ಇಷ್ಟರಿಂದಲೇ, ಚಿಕ್ಕ ಅಪವರ್ತನದವರೆಗಿನ ಹತ್ತೊಂಬತ್ತು ಕೋಟಿಗೂ ಮಿಕ್ಕಿದ ಸಂಖ್ಯೆಗಳಲ್ಲಿ ಪರೀಕ್ಷೆಗೆ ಉಳಿಯುವುದು 7,22,790 ಮಾತ್ರ. ಕೋಲ್ ಇವನ್ನು ಒಂದೊಂದಾಗಿ ಭಾಗಿಸುತ್ತ ಹೋಗಲಿಲ್ಲ. ವರ್ಗಶೇಷಗಳ ನೆರವಿನಿಂದ ಹುಡುಕಾಟವನ್ನು ಇನ್ನೂ ಕಿರಿದಾಗಿಸಿಕೊಂಡರು.

ತೀರ್ಥಹಳ್ಳಿಯ ಕಡೆ ಆಷಾಢದ ಮಳೆ ಹಿಡಿದು ಕರೆಂಟು ಹೋದ ದಿನಗಳಲ್ಲಿ, ರಜೆಗೆ ಮನೆಯಲ್ಲಿರುವ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ನಾನು ಮಾಡಿಸುವುದು ಇದೇ ಗುಣಾಕಾರವನ್ನು. ಅದು ತೋರುವಷ್ಟು ಕಷ್ಟದ್ದಲ್ಲ. ಚಿಕ್ಕ ಅಪವರ್ತನದಲ್ಲಿ ಒಂದು ಸೊನ್ನೆಯಿದೆ, 7 ಮೂರು ಸಲ ಬಂದಿದೆ, 1 ಎರಡು ಸಲ. ಹಾಗಾಗಿ ಎಂಟು ಸಾಲುಗಳನ್ನು ಬರೆಯಬೇಕಾದರೂ ನಿಜಕ್ಕೂ ಗುಣಿಸಬೇಕಾದದ್ದು 2, 3, 7, 9 ಈ ನಾಲ್ಕರಿಂದ ಮಾತ್ರ. ಉತ್ತರವನ್ನು ತಾಳೆ ನೋಡುವಾಗ 9ರ ಶೇಷವೊಂದೇ ಸಾಲದು. ಎರಡೂ ಅಪವರ್ತನಗಳಲ್ಲಿ 1 ಉಳಿದು ಗುಣಲಬ್ಧದಲ್ಲಿಯೂ 1 ಉಳಿಯುವುದು ಸರಿಯೇ, ಆದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಈ ಪರೀಕ್ಷೆಗೆ ತಿಳಿಯುವುದಿಲ್ಲ. 11ರ ಶೇಷಕ್ಕೆ ತಿಳಿಯುತ್ತದೆ. ಅಪವರ್ತನಗಳಲ್ಲಿ ಕ್ರಮವಾಗಿ 9 ಮತ್ತು 8 ಉಳಿಯುತ್ತವೆ; ಅವುಗಳ ಗುಣಲಬ್ಧ 72ರಲ್ಲಿ 6 ಉಳಿಯುತ್ತದೆ. ಇನ್ನೊಂದು ಕಡೆಯಿಂದ, 2ರ 10ನೆಯ ಘಾತವನ್ನು 11ರಿಂದ ಭಾಗಿಸಿದಾಗ 1 ಉಳಿಯುವುದರಿಂದ 67ನೆಯ ಘಾತದ ಬದಲು 7ನೆಯ ಘಾತವಾದ 128ನ್ನು ನೋಡಿದರೆ ಸಾಕು. ಅದರಲ್ಲಿ 7 ಉಳಿಯುತ್ತದೆ, ಒಂದು ಕಳೆದರೆ ಅದೇ 6.