ಮುಸುರೆ ಕೈ, ಹಸಿ ಕೈ

ಕೋಲಾರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ನನಗೆ ಕಲಿಸಿದ ಮೊದಲ ಪಾಠ, ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಜಾಡಿಯನ್ನು ಮುಟ್ಟಬಾರದು ಎಂಬುದು. ಅನ್ನ ಬಡಿಸಿದ ಕೈಯನ್ನು ತೊಳೆದು, ಒರೆಸಿಕೊಂಡು, ಒಣಗಿದ ಚಮಚವನ್ನೇ ಜಾಡಿಗೆ ಹಾಕಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಗೃಹಿಣಿಯರಿಗೆ ಆಹಾರದ ಶುಚಿತ್ವ ತಿಳಿಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಿಳಿದಿದೆ, ಆದರೆ ಬೇಯಿಸಿದ್ದು ಉಳಿದ ಪದಾರ್ಥಗಳಿಗೆ ತಗುಲದಂತೆ ನೋಡಿಕೊಳ್ಳುವ ನಾವು, ಹಸಿಯದು ಬೇಯಿಸಿದ್ದಕ್ಕೆ ತಗುಲದಂತೆ ಅಷ್ಟೇ ಎಚ್ಚರ ವಹಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಪ್ರಕಟಿಸಿದ, ಆಹಾರ ಸುರಕ್ಷತೆಯ ಐದು ಸೂತ್ರಗಳಲ್ಲಿ ಎರಡನೆಯದು ಹಸಿಯದನ್ನೂ ಬೇಯಿಸಿದ್ದನ್ನೂ ಬೇರೆಯಾಗಿಡಬೇಕೆಂಬುದೇ ಆಗಿದೆ.

ಭಾನುವಾರದ ನಮ್ಮ ಅಡುಗೆಮನೆಯಲ್ಲಿ ಇದು ಚೆನ್ನಾಗಿ ಕಾಣುತ್ತಿತ್ತು. ಕೋಳಿ ಹೆಚ್ಚಿದ ಈಳಿಗೆಮಣೆಗೆ ಒಂದು ಚೊಂಬು ನೀರು ಸುರಿದು, ಅದರ ಮೇಲೆಯೇ ಮೊಸರುಬಜ್ಜಿಗೆ ಈರುಳ್ಳಿ, ಸೌತೆಕಾಯಿ ಹೆಚ್ಚುತ್ತಿದ್ದೆವು. ಸಾರಿನಲ್ಲಿ ಕೋಳಿಯೇನೋ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲವಲ್ಲ! ಈಗ ತರಕಾರಿಯನ್ನು ಮೊದಲು ಹೆಚ್ಚಿಟ್ಟುಕೊಂಡು, ಕೋಳಿಯನ್ನು ಕೊನೆಗೆ ಹೆಚ್ಚಿ, ಮಣೆಯನ್ನು ಸೋಪು ಹಾಕಿ ಉಜ್ಜುತ್ತೇವೆ. ನೀರು ಸಿಡಿದು ರೋಗಾಣುಗಳು ಹರಡುವುದರಿಂದ ಕೋಳಿಯನ್ನು ತೊಳೆಯಲೇಬಾರದು ಎಂದು ತಜ್ಞರು ಹೇಳುತ್ತಾರೆ; ಆದರೆ ಅರಿಶಿನ ಹಾಕಿ ತೊಳೆಯದ ಕೋಳಿಯನ್ನು ಒಲೆಗೇರಿಸಲು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ನಲ್ಲಿಯ ಕೆಳಗೆ ಹಿಡಿಯುವುದನ್ನು ಬಿಟ್ಟು ಆಳವಾದ ಪಾತ್ರೆಯಲ್ಲಿ ಮೆಲ್ಲಗೆ ತೊಳೆಯುವಷ್ಟಕ್ಕೆ ರಾಜಿಯಾಗಿದ್ದೇನೆ.

ಕುದಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದು ನಮ್ಮ ಇನ್ನೊಂದು ನಂಬಿಕೆ. ನಮ್ಮ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ, ಅತಿಯಾದರೆ ಹಲ್ಲು-ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿ ಇರುವುದರಿಂದ ಈ ನಂಬಿಕೆ ಇಲ್ಲಿ ವಿಶೇಷವಾಗಿ ಕೈಕೊಡುತ್ತದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ತುಸು ಹೆಚ್ಚುತ್ತದೆ. ಅದಕ್ಕಾಗಿ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರುತ್ತೇವೆ, ಕ್ಯಾನಿನ ಒಳಗನ್ನು ಉಜ್ಜಲು ಮಾತ್ರ ಮರೆಯುತ್ತೇವೆ.

ರಾತ್ರಿ ಮಿಕ್ಕ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವಾಗಲೂ ಅದೇ ಧೈರ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಉಳಿಯಬಲ್ಲವು. ಅನ್ನವನ್ನು ರಾತ್ರಿಯಿಡೀ ಹೊರಗೇ ಬಿಟ್ಟರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉಂಟುಮಾಡಬಹುದು, ಆ ವಿಷವು ಒಗ್ಗರಣೆಯ ಬಿಸಿಗೆ ನಾಶವಾಗುವುದಿಲ್ಲ. ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು.

ಇದನ್ನೆಲ್ಲ ಅತ್ತೆಯವರಿಗೆ ವಿವರಿಸಿದಾಗ ಅವರು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡು, “ಮಿಗೋ ಹಾಗೆ ಯಾಕಮ್ಮ ಮಾಡ್ತೀಯಾ? ರಾತ್ರಿಗೆ ಅರ್ಧ ಪಾವು ಕಮ್ಮಿ ಹಾಕು” ಎಂದರು.